ಗಟ್ಟಿ ಹಾಸಿಗೆಯೇ ಬೆನ್ನಿಗೆ ಒಳ್ಳೇದು ಅಂದುಕೊಂಡಿದ್ದೆ

ಬೆನ್ನುನೋವು ಅಂತ ಹೇಳಿದ್ದೇ ತಡ, ಮನೆಯಲ್ಲಿ ಎಲ್ಲರದ್ದೂ ಒಂದೇ ಸಲಹೆ: ಗಟ್ಟಿ ಹಾಸಿಗೆ ತಗೋ. ಆರ್ಥೋಪೆಡಿಕ್ ಅಂತ ಬರೆದಿದ್ದ 5 ಇಂಚಿನ ನಾರಿನ ಹಾಸಿಗೆ ತಂದೆ. ಬೆನ್ನು ಹಾಗೇ ಇತ್ತು. ಅದರ ಜೊತೆಗೆ ಬೆಳಗಿನ ಜಾವ ಎಡಭುಜ ಜೋಮು ಹಿಡಿಯೋದು ಬೇರೆ ಶುರುವಾಯಿತು.

ನಾನು ಮಗ್ಗುಲಾಗಿ ಮಲಗುವವನು, ತೂಕ 58 ಕೆಜಿ. ಗಟ್ಟಿ ಹಾಸಿಗೆ ಒಳಕ್ಕೆ ಇಳಿಯುವುದೇ ಇಲ್ಲ. ಭಾರವೆಲ್ಲ ಭುಜ, ಸೊಂಟದ ಮೂಳೆ ಮೇಲೆ. ಇವೆರಡರ ನಡುವೆ, ಪಕ್ಕೆಯ ಕೆಳಗೆ ಕೈ ತೂರಿಸಿ ನೋಡಿದೆ. ಅಂಗೈ ಸಲೀಸಾಗಿ ಆಚೆಗೆ ಹೋಯಿತು! ಅಂದರೆ ಅಲ್ಲಿ ಆಧಾರವೇ ಇಲ್ಲ, ಅಲ್ವಾ?

2003ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಸ್ಪೇನ್‌ನ ಅಧ್ಯಯನವೊಂದಿದೆ. ಹಳೇ ಸೊಂಟನೋವಿದ್ದ 313 ಜನರ ಮೇಲೆ ಮಾಡಿದ್ದು. 90 ದಿನದ ನಂತರ ಗಟ್ಟಿ ಹಾಸಿಗೆಯವರಿಗಿಂತ ಮಧ್ಯಮ ಗಟ್ಟಿಯ ಹಾಸಿಗೆಯವರಿಗೇ ಜಾಸ್ತಿ ಆರಾಮ.

ಹೊಸ ಹಾಸಿಗೆಗೆ ದುಡ್ಡು ಸುರಿಯುವ ಮನಸ್ಸಿರಲಿಲ್ಲ. ಮೊದಲು ಎರಡು ದಪ್ಪ ರಜಾಯಿ ಮಡಿಸಿ ಹಾಸಿ ನಾಲ್ಕು ರಾತ್ರಿ ಮಲಗಿದೆ. ಜೋಮು ಕಡಿಮೆಯಾಯಿತು. ಆಮೇಲೆ 2 ಇಂಚಿನ ಲೇಟೆಕ್ಸ್ (ಮೆತ್ತನೆ ರಬ್ಬರ್) ಪದರ ತಂದು ಮೇಲೆ ಹಾಕಿದೆ. ಮೂರನೇ ವಾರಕ್ಕೆ ಜೋಮು ಪೂರ್ತಿ ಹೋಯಿತು. ಈಗ ಕೈ ತೂರಿಸಿದರೆ ಬಿಗಿಯಾಗಿ ಹೋಗುತ್ತದೆ, ಆದರೆ ಸಿಕ್ಕಿಕೊಳ್ಳುವುದಿಲ್ಲ. ದಿಂಬನ್ನೂ ಸ್ವಲ್ಪ ತೆಳುವಾಗಿಸಬೇಕಾಯಿತು. ಭುಜ ಈಗ ಒಳಕ್ಕೆ ಇಳಿಯುತ್ತದಲ್ಲ, ಹಳೇ ದಿಂಬು ಕುತ್ತಿಗೆಯನ್ನು ಮೇಲಕ್ಕೆ ಎತ್ತುತ್ತಿತ್ತು.

ನನ್ನ ತಮ್ಮ 92 ಕೆಜಿ, ಬೋರಲು ಮಲಗುತ್ತಾನೆ. ಇದರ ಮೇಲೆ ಒಂದು ರಾತ್ರಿ ಮಲಗಿ, ಸೊಂಟ ಕುಸಿಯುತ್ತೆ ಅಂತ ಎದ್ದು ಚಾಪೆಗೆ ಹೋದ.