ಬೊಳ್ಳನ ತುರಿಕೆ ನಿಲ್ಲಿಸಿದ ಬೂತಾಯಿ ತುಂಡು

ಈಗಲೂ ದಿನಾ ಬೆಳಿಗ್ಗೆ ಎದ್ದವಳೇ ಮೊದಲು ನಮ್ಮ ನಾಯಿ ಬೊಳ್ಳನ ಕಿವಿ ಮೂಸಿ ನೋಡುತ್ತೇನೆ. ಆ ಹುಳಿ ಹಿಟ್ಟಿನಂಥ ವಾಸನೆ ಬಾರದೆ ಹತ್ತಿರ ಹತ್ತಿರ 14 ತಿಂಗಳಾಯಿತು. ಪಾದದ ಬಿಳಿ ರೋಮ ನೆಕ್ಕಿ ನೆಕ್ಕಿ ತುಕ್ಕಿನ ಬಣ್ಣಕ್ಕೆ ತಿರುಗಿತ್ತಲ್ಲ, ಅದೂ ಮತ್ತೆ ಬಿಳಿಯಾಗಿದೆ. ಅವನ ಟ್ರೀಟ್, ಅಂದರೆ ಊಟದ ನಡುವೆ ಕೊಡುವ ತಿಂಡಿ, ಮನೆಯಲ್ಲೇ ಮಾಡುತ್ತೇನೆ, ಅದೂ ಬೂತಾಯಿ (ಸಾರ್ಡೀನ್) ಮೀನಿನಲ್ಲಿ ಎಂದಾಗ ತಲೆ ಅಲ್ಲಾಡಿಸಿದವರು ಎಷ್ಟು ಜನ! ನಾಯಿ ಸಾಕಿ ಗೊತ್ತಿರುವವರೇ "ಮೀನು ಕೊಟ್ರೆ ತುರಿಕೆ ಜಾಸ್ತಿಯಾಗ್ತದೆ, ಬೇಡ" ಅಂದಿದ್ದರು. ಹಾಗಾಗಿ ನಾನು ಮಾಡಿದ್ದನ್ನು ಒಮ್ಮೆ ಬರೆದಿಡೋಣ ಅನಿಸಿತು.

ಬೊಳ್ಳ ಲ್ಯಾಬ್ರಡಾರ್, 32 ಕಿಲೋ. ನಮ್ಮ ಮನೆ ಮಲ್ಪೆಗೆ ಹತ್ತಿರ. ಒಂದೂವರೆ ವರ್ಷಕ್ಕೆ ಅವನಿಗೆ ತುರಿಕೆ ಶುರುವಾಯಿತು. ಕಿವಿ ಸೋಂಕು ಎರಡು ತಿಂಗಳಿಗೊಮ್ಮೆ ಗ್ಯಾರಂಟಿ. ಕಿವಿ ಡ್ರಾಪ್ಸ್, ಶಾಂಪೂ, ತುರಿಕೆ ಮಾತ್ರೆ ಎಲ್ಲ ಸೇರಿ ತಿಂಗಳಿಗೆ ಮೂರೂವರೆ ಸಾವಿರ ಹೋಗುತ್ತಿತ್ತು. ಮಾತ್ರೆ ನಿಲ್ಲಿಸಿದ ಮೂರನೇ ದಿನಕ್ಕೆ ಮತ್ತೆ ಅದೇ ಕಥೆ.

ನನ್ನ ದೊಡ್ಡ ತಪ್ಪು ರಕ್ತ ಪರೀಕ್ಷೆ. ಯಾರೋ ಹೇಳಿದರೆಂದು ಒಂದು ಕಡೆ 9 ಸಾವಿರದಷ್ಟು ಕೊಟ್ಟು ಮಾಡಿಸಿದೆ. ಆಗದ ಪದಾರ್ಥಗಳ ಉದ್ದ ಪಟ್ಟಿ ಬಂತು. ಅದರಲ್ಲಿ ಗೆಣಸೂ ಇತ್ತು, ಅಕ್ಕಿಯೂ ಇತ್ತು. ಇವತ್ತು ಅವನು ಎರಡನ್ನೂ ಆರಾಮಾಗಿ ತಿನ್ನುತ್ತಾನೆ. ಆಹಾರದ ಅಲರ್ಜಿಗೆ ರಕ್ತ ಪರೀಕ್ಷೆಯನ್ನು ನಂಬುವಂತಿಲ್ಲ, ಒಂದೊಂದೇ ತೆಗೆದು, ಮತ್ತೆ ಒಂದೊಂದೇ ಕೊಟ್ಟು ನೋಡುವುದೇ ದಾರಿ ಎಂದು ನಮ್ಮ ಡಾಕ್ಟ್ರು ಆಮೇಲೆ ಬಿಡಿಸಿ ಹೇಳಿದರು. ಆ ದುಡ್ಡಿಗೆ ಆಹಾರ ಒಣಗಿಸುವ ಒಂದು ಡ್ರೈಯರ್ ಬರುತ್ತಿತ್ತು ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಎರಡನೇ ತಪ್ಪು ಪ್ಯಾಕೆಟ್ ಮೇಲಿನ 'ಗ್ರೇನ್ ಫ್ರೀ' (ಧಾನ್ಯ ಇಲ್ಲದ್ದು) ಎಂಬ ದೊಡ್ಡ ಅಕ್ಷರ ನಂಬಿದ್ದು. 80 ಗ್ರಾಮಿಗೆ 350 ರೂಪಾಯಿ ಕೊಟ್ಟು ಐದಾರು ತಿಂಗಳು ತಂದೆ. ಗೋಧಿ ಇರಲಿಲ್ಲ, ಸರಿ. ಆದರೆ ಹಿಂದೆ ಸಣ್ಣ ಅಕ್ಷರದಲ್ಲಿ ಕೋಳಿ ಕೊಬ್ಬು, ಕೋಳಿ ಪುಡಿ. 'ಮೀನಿನ ರುಚಿ' ಎಂದು ಬರೆದದ್ದರಲ್ಲೂ ಕೋಳಿ! ನಾಯಿಗಳಿಗೆ ಹೆಚ್ಚಾಗಿ ಆಗದೆ ಬರುವುದು ದನದ ಮಾಂಸ, ಹಾಲು, ಕೋಳಿ, ಗೋಧಿ. ಅಂದರೆ ಧಾನ್ಯವೊಂದನ್ನೇ ಬಿಟ್ಟರೆ ಅರ್ಧ ಕೆಲಸವೂ ಆಗಲಿಲ್ಲ. ಇನ್ನೊಂದು ಅಂಗಡಿಯಲ್ಲಿ ರಾಗಿ ಬಿಸ್ಕೆಟನ್ನು ಧಾನ್ಯ ಇಲ್ಲದ್ದು ಎಂದು ಕೊಟ್ಟರು. ರಾಗಿ ಧಾನ್ಯ ಅಲ್ವಾ? ಸಿರಿಧಾನ್ಯ ಎಂದು ಪ್ಯಾಕೆಟ್ ಮೇಲೇ ಬರೆದಿತ್ತು. ಅಂದಿನಿಂದ ಮುಂಭಾಗ ಓದುವುದನ್ನೇ ಬಿಟ್ಟೆ.

ಕೊನೆಗೆ 8 ವಾರದ ಪಥ್ಯ ಹಿಡಿದೆ. ಬರೀ ಮೀನು ಮತ್ತು ಗೆಣಸು, ಬೇರೆ ಏನೂ ಇಲ್ಲ. ಊಟವೂ ಅದೇ, ಟ್ರೀಟೂ ಅದೇ. ಇದು ಎರಡು ಸಲ ಕೆಟ್ಟಿತು.

ಮೊದಲ ಸಲ ಐದನೇ ವಾರದಲ್ಲಿ. ಮಾವ ಬೆಳಗಿನ ಚಹಾದ ಜೊತೆ ಇವನಿಗೆ ದಿನಾ ಎರಡು ಗ್ಲೂಕೋಸ್ ಬಿಸ್ಕೆಟ್ ಕೊಡುತ್ತಿದ್ದರು. ನನಗೆ ಗೊತ್ತೇ ಇರಲಿಲ್ಲ. ಕೇಳಿದರೆ, "ಪಾಪ, ಅಷ್ಟು ಆಸೆಯಲ್ಲಿ ನೋಡ್ತದೆ ಮಾರಾಯ್ತಿ. ಒಂದು ಬಿಸ್ಕೆಟಿಗೆ ಏನಾಗ್ತದೆ?" ಅಂದರು. ಅವರಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಇಪ್ಪತ್ತು ವರ್ಷದಿಂದ ಮನೆಯ ನಾಯಿಗಳಿಗೆ ಹಾಗೆಯೇ ಕೊಟ್ಟುಕೊಂಡು ಬಂದವರು. ಅವರ ಕುರ್ಚಿಯ ಪಕ್ಕದಲ್ಲೇ ಒಂದು ಡಬ್ಬ ಇಟ್ಟು, "ಮಾವ, ನೀವು ಇದನ್ನೇ ಕೊಡಿ" ಅಂದೆ. ಈ ಟ್ರೀಟ್ ಮಾಡಲು ನಿಜವಾಗಿ ಕೂತದ್ದು ಆ ಡಬ್ಬ ತುಂಬಿಸಲಿಕ್ಕೇ.

ಎರಡನೇ ಸಲ ಕೆಟ್ಟದ್ದು ಉಣ್ಣಿಗೆ ಕೊಡುವ ಜಗಿಯುವ ಮಾತ್ರೆಯಿಂದ. ಅದಕ್ಕೆ ಮಾಂಸದ ರುಚಿ ಸೇರಿಸಿರುತ್ತಾರೆ. ಪಥ್ಯದ ಹೊತ್ತಿನಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ ಎಂದು ಹೊಳೆದಿರಲಿಲ್ಲ. ಡಾಕ್ಟ್ರು ಬೆನ್ನಿನ ಮೇಲೆ ಬಿಡುವ ಡ್ರಾಪ್ಸ್‌ಗೆ ಬದಲಾಯಿಸಿದರು. ಮತ್ತೆ ಒಂದನೇ ದಿನದಿಂದ ಶುರು. ಒಟ್ಟು ನಾಲ್ಕೂವರೆ ತಿಂಗಳು ಹಿಡಿಯಿತು.

ಮೂರನೇ ಸಲ 8 ವಾರ ಪೂರ್ತಿ ಮುಗಿಸಿ ಕೋಳಿ ಕೊಟ್ಟೆ. ನಾಲ್ಕನೇ ದಿನ ಪಾದ ನೆಕ್ಕಲು ಶುರು. ನಿಲ್ಲಿಸಿ, ಸಮಾಧಾನ ಆದ ಮೇಲೆ ಅಕ್ಕಿ ಎರಡು ವಾರ ಕೊಟ್ಟೆ. ಏನೂ ಆಗಲಿಲ್ಲ. ಆಮೇಲೆ ಚಪಾತಿ. ಆರನೇ ದಿನಕ್ಕೆ ಕಿವಿ ಕೆಂಪು. ಅಲ್ಲಿಗೆ ಕೋಳಿ ಒಂದು, ಗೋಧಿ ಒಂದು ಎಂದು ಖಾತ್ರಿಯಾಯಿತು. ಹಾಗಾಗಿ ಊಟದಲ್ಲಿ ಅನ್ನ ಬಿಡಿಸಲಿಲ್ಲ. ಧಾನ್ಯ ಇಲ್ಲದ್ದು ಟ್ರೀಟ್ ಮಾತ್ರ. ಊಟದಿಂದಲೂ ಧಾನ್ಯ ತೆಗೆದು ಬಟಾಣಿ, ಬೇಳೆ ತುಂಬಿಸುವುದು ನನಗೆ ಸರಿ ಕಾಣುವುದಿಲ್ಲ. ಅಂಥ ಆಹಾರಕ್ಕೂ ನಾಯಿಗಳ ಹೃದಯದ ಕಾಯಿಲೆಗೂ ಸಂಬಂಧ ಇದೆಯೇ ಎಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ತನಿಖೆ ಶುರು ಮಾಡಿತ್ತು.

ಈಗ ಮಾಡುವ ಕ್ರಮ. ಒಂದು ಕಿಲೋ ಬೂತಾಯಿ ತಂದು, ತಲೆ, ಹೊಟ್ಟೆ ತೆಗೆದು ಹಬೆಯಲ್ಲಿ ಬೇಯಿಸುತ್ತೇನೆ. ಉಪ್ಪು, ಅರಿಶಿನ ಏನೂ ಇಲ್ಲ. ನಡುಮುಳ್ಳು ಎಳೆದರೆ ಸಲೀಸಾಗಿ ಬರುತ್ತದೆ. ಸಣ್ಣ ಮುಳ್ಳನ್ನು ಬೆರಳಲ್ಲಿ ಹುಡುಕಿ ತೆಗೆಯಬೇಕು. ಅರ್ಧ ಕಿಲೋದಷ್ಟು ಮಾಂಸ ಉಳಿಯುತ್ತದೆ. ಅದಕ್ಕೆ ಬೇಯಿಸಿದ ಗೆಣಸು 300 ಗ್ರಾಂ. ನಾದಿ, ತೆಳ್ಳಗೆ ಹರಡಿ, ಗೀರು ಹಾಕಿ 70 ಡಿಗ್ರಿಯಲ್ಲಿ ಆರೇಳು ಗಂಟೆ ಒಣಗಿಸಿದರೆ ಸುಮಾರು 250 ಗ್ರಾಂ ಸಿಗುತ್ತದೆ. ಮೀನಿಗೆ 150, ಗೆಣಸಿಗೆ 20, ಕರೆಂಟಿಗೆ ಒಂದಿಷ್ಟು ಹಿಡಿದರೂ 200 ದಾಟುವುದಿಲ್ಲ. ಅಂಗಡಿಯ 80 ಗ್ರಾಮಿಗೆ 350 ಎಲ್ಲಿ, ಇದೆಲ್ಲಿ! ಟ್ರೀಟ್ ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗ ಮೀರಬಾರದಲ್ಲ. ಬೊಳ್ಳನಿಗೆ ದಿನಕ್ಕೆ 25 ಗ್ರಾಂ ಸಾಕು. ಒಂದು ಸಲ ಮಾಡಿದ್ದು ಹತ್ತು ದಿನ ಬರುತ್ತದೆ. ಮಾವನ ಪಾಲೂ ಅದರಲ್ಲೇ.

ಬರೆಯುವಾಗ ಇಷ್ಟು ಸುಲಭ. ಶುರುವಿನಲ್ಲಿ ತಾರಸಿ ಮೇಲೆ ಒಣಗಿಸಿದ್ದೆ. ಕಾಗೆ, ಇರುವೆ, ನೊಣ. ಎರಡು ತಟ್ಟೆ ಹಾಗೆಯೇ ಎಸೆದೆ. ಆಮೇಲೆ ಓವನ್. ನಮ್ಮದರ ಕಡಿಮೆ ಬಿಸಿಯೇ 100 ಡಿಗ್ರಿ. ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ನೋಡಿದೆ. ಅಂಚು ಕಪ್ಪು, ನಡು ಹಸಿ. ಕೊನೆಗೆ 7 ಸಾವಿರದ ಆಸುಪಾಸಿನಲ್ಲಿ ಐದು ತಟ್ಟೆಯ ಡ್ರೈಯರ್ ತಂದೆ. ಔಷಧಿ ಖರ್ಚು ನಿಂತದ್ದರಿಂದ ಎರಡೇ ತಿಂಗಳಲ್ಲಿ ಅದರ ದುಡ್ಡು ವಾಪಸ್ ಬಂತು.

ಒಣಮೀನು ತಂದರೆ ಕೆಲಸವೇ ಇಲ್ಲವಲ್ಲ ಎಂದು ಅದನ್ನೂ ಮಾಡಿ ನೋಡಿದೆ. ನೀರಲ್ಲಿ ಎರಡು ಸಲ ನೆನೆಸಿದರೂ ಉಪ್ಪು ಹೋಗಲಿಲ್ಲ. ಬೊಳ್ಳ ರಾತ್ರಿಯಿಡೀ ನೀರು ಕುಡಿದು ಹಾಲ್ ತುಂಬ ಉಚ್ಚೆ ಹೊಯ್ದ. ಒಣಮೀನಿನ ಕಡೆ ಹೋಗಬೇಡಿ.

ಇದಕ್ಕಿಂತ ಹೆದರಿದ್ದು ಬೇರೆ ಒಂದು ದಿನ. ಸಂಜೆ ಹೊತ್ತಿಗೆ ಕಡಿಮೆಗೆ ಸಿಕ್ಕಿತೆಂದು 3 ಕಿಲೋ ಬೂತಾಯಿ ತಂದೆ. ಬೊಳ್ಳ ತಿಂದ ಸ್ವಲ್ಪ ಹೊತ್ತಿಗೆ ಮುಖ ಉಜ್ಜಿಕೊಳ್ಳತೊಡಗಿದ, ಹೊಟ್ಟೆ ಕೆಟ್ಟಿತು. ಅಯ್ಯೋ, ಮೀನೂ ಆಗುವುದಿಲ್ಲ, ಎಲ್ಲ ಮುಗಿಯಿತು ಅಂದುಕೊಂಡೆ. ಡಾಕ್ಟ್ರು ಕೇಳಿದ್ದು ಒಂದೇ, ಮೀನು ಐಸಿನಲ್ಲಿತ್ತಾ ಎಂದು. ಬೂತಾಯಿ, ಬಂಗುಡೆ ಐಸಿಲ್ಲದೆ ಕೂತರೆ ಅದರಲ್ಲಿ ಅಲರ್ಜಿಯಂತೆಯೇ ತೊಂದರೆ ಕೊಡುವ ಹಿಸ್ಟಮಿನ್ ಎಂಬ ವಸ್ತು ಏರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಅಂದಿನಿಂದ ಬೆಳಗಿನ ಮೀನು ಬಿಟ್ಟು ಬೇರೆ ಮುಟ್ಟಿಲ್ಲ. ಆ ಥರ ಮತ್ತೆ ಆಗಲೂ ಇಲ್ಲ.

ಗೆಣಸಿನ ಬದಲು ಏನೇನೋ ಹಾಕಿದೆ. ಕಡಲೆಹಿಟ್ಟಿನಲ್ಲಿ ತುಂಡು ಚಂದ ಬಂತು, ಆದರೆ ಗ್ಯಾಸ್ ಎಂದರೆ ಗ್ಯಾಸ್. ಸಿಹಿಕುಂಬಳ ನೀರು ಬಿಟ್ಟು ಒಣಗಲು ಹನ್ನೊಂದು ಗಂಟೆ ತೆಗೆದುಕೊಂಡಿತು. ತೆಂಗಿನತುರಿ ಅವನಿಗೆ ಪ್ರಾಣ, ಹೊಟ್ಟೆಗೆ ಮಾತ್ರ ಆಗಲಿಲ್ಲ. ಬಾಳೆಕಾಯಿ ಒಣಗಿಸಿ ಹುಡಿ ಮಾಡಿ ಸೇರಿಸಿದ್ದು ಒಳ್ಳೆಯದಾಯಿತು. ಗೆಣಸು ಸಿಗದಾಗ ಈಗ ಅದೇ.

ಬೂತಾಯಿಯದ್ದು ಎಣ್ಣೆ ಜಾಸ್ತಿ. ಹನ್ನೆರಡು ದಿನಕ್ಕೆ ಕಮಟು ವಾಸನೆ ಬರುತ್ತಿತ್ತು. ಮಳೆಗಾಲದಲ್ಲಿ ಇನ್ನೂ ಬೇಗ, ಮೇಲೆ ಮೆತ್ತಗೂ ಆಗುತ್ತಿತ್ತು. ಅರ್ಧ ಬೂತಾಯಿ, ಅರ್ಧ ನಂಗ್ ಮೀನು ಹಾಕಿದ ಮೇಲೆ ಎಣ್ಣೆ ಕಡಿಮೆಯಾಯಿತು. ಹಬೆಗೂ ಒಣಗಿಸುವುದಕ್ಕೂ ನಡುವೆ ಇನ್ನೊಂದು ಕೆಲಸ ಮಾಡುತ್ತೇನೆ, ಅದರಿಂದ ಮಳೆಗಾಲದಲ್ಲೂ ತುಂಡು ಕಟುಂ ಎನ್ನುತ್ತದೆ. ಮೀನು ಮಾರುವ ಅಕ್ಕ ನನ್ನೊಬ್ಬಳಿಗೇ ಎಂದು ಹೇಳಿಕೊಟ್ಟದ್ದು. ಅವರನ್ನು ಕೇಳದೆ ಇಲ್ಲಿ ಬರೆಯುವುದು ಸರಿಯಲ್ಲ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಲ್ಲ, ಆಗ ಬೆಲೆ ದುಪ್ಪಟ್ಟು. ಕಳೆದ ವರ್ಷ ಮೇ ಕೊನೆಯ ವಾರದಲ್ಲಿ 6 ಕಿಲೋ ತಂದು, ಬೇಯಿಸಿ, ಮುಳ್ಳು ತೆಗೆದು, ಆರು ಕಟ್ಟು ಮಾಡಿ ಫ್ರೀಜರಿನಲ್ಲಿಟ್ಟೆ. ಹತ್ತು ದಿನಕ್ಕೊಂದು ಕಟ್ಟು ತೆಗೆದು ಗೆಣಸು ಸೇರಿಸಿ ಒಣಗಿಸಿದೆ. ಜುಲೈ ಮುಗಿಯುವ ತನಕ ಸರಿಯಾಗಿ ಬಂತು. ಈ ಸಲ 8 ಕಿಲೋ ಬೇಕು. ತಲೆ ಅಲ್ಲಾಡಿಸಿದ್ದ ಪಕ್ಕದ ಮನೆಯವರೇ ಅವರ ಬೀಗಲ್‌ಗೂ ಒಂದು ಪಾಲು ಕೇಳಿದ್ದಾರೆ.