ಮಧ್ಯಯುಗದ ನಗರಗಳನ್ನೂ ಧರ್ಮಬೋಧನೆಗಳನ್ನೂ ಹೋಲಿಸುವುದು ಹೇಗೆ?

ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಚಾಂಗಾನ್ (ಚೀನಾದ ಟ್ಯಾಂಗ್ ಅರಸರ ರಾಜಧಾನಿ) ನಗರಗಳನ್ನು ಕ್ರೈಸ್ತ, ಇಸ್ಲಾಂ, ಬೌದ್ಧ ಬೋಧನೆಗಳೊಂದಿಗೆ ಹೋಲಿಸಿ ಪ್ರಬಂಧ ಬರೆಯಲು ಹೊರಟವರು ಮೊದಲು ಕಾಲವನ್ನು ಗೊತ್ತುಮಾಡಿಕೊಳ್ಳಬೇಕು. ಕಾನ್‌ಸ್ಟಾಂಟಿನೋಪಲ್ಲಿನ ಹಾಗಿಯಾ ಸೋಫಿಯಾ ಚರ್ಚು ಕಟ್ಟಿ ಮುಗಿದದ್ದು 537ರಲ್ಲಿ. ಖಲೀಫ ಅಲ್ ಮನ್ಸೂರ್ ಬಾಗ್ದಾದನ್ನು ಕಟ್ಟಲು ತೊಡಗಿದ್ದು 762ರಲ್ಲಿ. ಇವೆರಡನ್ನೂ ಒಂದೇ ಕಾಲದ ಸಂಗತಿಗಳೆಂಬಂತೆ ಎದುರುಬದುರು ಇಟ್ಟರೆ ಹೋಲಿಕೆಯ ಬುಡವೇ ಸಡಿಲವಾಗುತ್ತದೆ. 762ರಿಂದ 850ರವರೆಗಿನ ಸುಮಾರು ತೊಂಬತ್ತು ವರ್ಷಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಆಗ ಮೂರೂ ನಗರಗಳು ಜೀವಂತವಾಗಿದ್ದವು, ಮೂರರಲ್ಲೂ ಧರ್ಮ ಮತ್ತು ಅರಸೊತ್ತಿಗೆಯ ಸಂಬಂಧ ಚರ್ಚೆಯಲ್ಲಿತ್ತು.

ಅನಂತರ ಒಂದೇ ಒಂದು ಪ್ರಶ್ನೆಯನ್ನು ಹಿಡಿದು ಅದನ್ನೇ ಮೂರೂ ಕಡೆ ಕೇಳಬೇಕು. ಬಡವರ ಮತ್ತು ರೋಗಿಗಳ ವಿಷಯದಲ್ಲಿ ಧರ್ಮ ಏನು ಹೇಳಿತು, ನಗರ ಏನು ಮಾಡಿತು ಎಂಬ ಪ್ರಶ್ನೆಯನ್ನು ನಾನು ಶಿಫಾರಸು ಮಾಡುತ್ತೇನೆ. ಹಸಿದವನಿಗೆ ಅನ್ನವಿಕ್ಕಿದ್ದು ತನಗೇ ಇಕ್ಕಿದಂತೆ ಎಂದು ಕ್ರಿಸ್ತ ಹೇಳಿದ್ದನ್ನು ಮತ್ತಾಯನ ಸುವಾರ್ತೆ ದಾಖಲಿಸುತ್ತದೆ. ಇಸ್ಲಾಮಿನಲ್ಲಿ ಜಕಾತ್ ಎಂಬ ದಾನ ಕಡ್ಡಾಯ. ಕೂಡಿಟ್ಟ ಹಣದಲ್ಲಿ ಅದು ನಲವತ್ತನೆಯ ಒಂದು ಪಾಲು. ಚೀನಾದ ಬೌದ್ಧರು ದೀನರನ್ನು ಪುಣ್ಯ ಬಿತ್ತುವ 'ಕರುಣೆಯ ಹೊಲ' ಎಂದು ಕರೆದರು, ಅದೇ ಹೆಸರಿನಲ್ಲಿ ವಿಹಾರಗಳ ಆಶ್ರಯದಲ್ಲಿ ರೋಗಿಗಳ ಆರೈಕೆ ನಡೆಯಿತು. ಹೀಗೆ ಕೇಳಿದಾಗ ವ್ಯತ್ಯಾಸಗಳು ತಾವಾಗಿಯೇ ಕಾಣತೊಡಗುತ್ತವೆ.

ಬೋಧನೆಯನ್ನು ಬೋಧನೆಯೊಂದಿಗೆ, ಆಚರಣೆಯನ್ನು ಆಚರಣೆಯೊಂದಿಗೆ ಮಾತ್ರ ತೂಗಬೇಕು. ಒಂದು ಧರ್ಮದ ಗ್ರಂಥವಾಕ್ಯವನ್ನೂ ಇನ್ನೊಂದು ಧರ್ಮದ ದೊರೆಯ ಕ್ರೌರ್ಯವನ್ನೂ ಅಕ್ಕಪಕ್ಕದಲ್ಲಿ ಇಡುವುದು ಅನ್ಯಾಯ, ಮತ್ತು ಇದು ವಿದ್ಯಾರ್ಥಿಗಳಷ್ಟೇ ಅಲ್ಲ, ಪಂಡಿತರೂ ಮಾಡುವ ತಪ್ಪು. ನಗರದ ನಕ್ಷೆಯನ್ನು ಓದುವಾಗಲೂ ಎಚ್ಚರ ಬೇಕು. ಬಾಗ್ದಾದಿನ ದುಂಡು ಕೋಟೆಯ ನಡುವೆ ಅರಮನೆಯೂ ಮಸೀದಿಯೂ ಒತ್ತಾಗಿದ್ದವು ಎಂಬುದು ಗ್ರಂಥಗಳಿಂದ ತಿಳಿಯುತ್ತದೆ. ಆ ಕೋಟೆ ಇಂದು ಕಣ್ಣಿಗೆ ಬೀಳುವಂತೆ ಉಳಿದಿಲ್ಲ. ಚಾಂಗಾನಿನ ಚೌಕಾಕಾರದ ಕೇರಿಗಳ ವಿನ್ಯಾಸವಂತೂ ಬೌದ್ಧ ಧರ್ಮದಿಂದ ಬಂದದ್ದಲ್ಲ, ಅದು ಚೀನಾದ ಹಳೆಯ ರಾಜಧಾನಿಗಳ ಪದ್ಧತಿ.

ಎಲ್ಲಕ್ಕಿಂತ ಮುಖ್ಯವಾಗಿ, ಒಂದು ನಗರಕ್ಕೆ ಒಂದೇ ಧರ್ಮ ಎಂದು ಭಾವಿಸಬಾರದು. ಚಾಂಗಾನಿನಲ್ಲಿ 781ರಲ್ಲಿ ನಿಲ್ಲಿಸಿದ ಕಲ್ಲಿನ ಶಾಸನವನ್ನು ನೋಡಿ. ಅದರ ನೆತ್ತಿಯಲ್ಲಿ ತಾವರೆಯ ಮೇಲೆ ಶಿಲುಬೆ ಇದೆ. 635ರಲ್ಲಿ ಅಲೋಪೆನ್ ಎಂಬ ಪಾದ್ರಿ ತಂದ ಕ್ರೈಸ್ತ ಬೋಧನೆಯನ್ನು ಶಾಸನವು ಬೌದ್ಧರಿಗೂ ತಾವೋ ಪಂಥದವರಿಗೂ ಪರಿಚಿತವಾದ ಚೀನೀ ಮಾತುಗಳಲ್ಲಿ ವಿವರಿಸುತ್ತದೆ. ಪಾದ್ರಿಗಳ ಹೆಸರುಗಳು ಅವರ ಸಭೆಯ ಭಾಷೆಯಾದ ಸಿರಿಯಾಕ್‌ನ ಲಿಪಿಯಲ್ಲಿಯೂ ಇವೆ. ಕಾಲವನ್ನು ಸೂಚಿಸಲು ಶಾಸನ ಹೆಸರಿಸುವ, 'ಪೂರ್ವದ ಸಭೆ' ಎಂಬ ಈ ಕ್ರೈಸ್ತ ಪಂಗಡದ ಧರ್ಮಾಧ್ಯಕ್ಷ ಹೆನಾನಿಶೋ ಮೆಸೊಪೊಟೇಮಿಯಾದಲ್ಲಿ (ಇಂದಿನ ಇರಾಕ್) ಅಷ್ಟು ಹೊತ್ತಿಗಾಗಲೇ ತೀರಿಕೊಂಡಿದ್ದ. ಸಾವಿನ ಸುದ್ದಿ ಇನ್ನೂ ಚೀನಾಕ್ಕೆ ಬಂದಿರಲಿಲ್ಲ. ಅವನ ಸ್ಥಾನಕ್ಕೆ ಬಂದ ಮೊದಲನೆಯ ತಿಮೊಥಿ ಖಲೀಫ ಅಲ್ ಮಹ್ದಿಯ ಎದುರು ಕುಳಿತು ಧರ್ಮಚರ್ಚೆ ನಡೆಸಿದವನು. 845ರಲ್ಲಿ ಟ್ಯಾಂಗ್ ಚಕ್ರವರ್ತಿ ಬೌದ್ಧ ವಿಹಾರಗಳನ್ನು ಮುಚ್ಚಿಸಿದಾಗ ಈ ಕ್ರೈಸ್ತರಿಗೂ ಪೆಟ್ಟು ಬಿತ್ತು. ಇಷ್ಟೆಲ್ಲವೂ ಒಂದು ಕಲ್ಲಿನಿಂದ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಪ್ರಬಂಧವನ್ನು ಧರ್ಮದ ವ್ಯಾಖ್ಯೆಯಿಂದಲ್ಲ, ಇಂಥದೊಂದು ವಸ್ತುವಿನಿಂದ ಆರಂಭಿಸಿ.

ದೂರದ ನಗರಗಳನ್ನು ಮುಟ್ಟುವ ಮೊದಲು ಅಭ್ಯಾಸ ಬೇಕಿದ್ದರೆ ಹಂಪಿಗೆ ಹೋಗಿ. ಅಲ್ಲಿ ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿಯನ್ನು ಅದರ ಶಾಸನ 'ಧರ್ಮಸಾಲೆ' ಎಂದು ಕರೆಯುತ್ತದೆ. ಆ ಪದ ಆಗ ಯಾರಿಗೆ ಏನು ಅರ್ಥ ಕೊಟ್ಟಿರಬಹುದು ಎಂದು ಒಂದು ಪುಟ ಬರೆದು ನೋಡಿ, ಆಮೇಲೆ ಚಾಂಗಾನಿನ ತಾವರೆಗೆ ಮರಳಿ ಬನ್ನಿ.