ಬೆರಳು ಒಂದು ಕಡೆ, ಬಾಯಿ ಒಂದು ಕಡೆ

ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ವಾರಕ್ಕೆ ಎರಡು ಸಂಜೆ, ಮೂರನೇ ಕ್ಲಾಸಿನ ಒಬ್ಬ ಹುಡುಗನಿಗೆ ಕನ್ನಡ ಓದಲು ಹೇಳಿಕೊಡುತ್ತಿದ್ದೆ. ಮೊದಲ ದಿನ ಅವನು ಪಾಠದ ಒಂದು ಪುಟವನ್ನು ಗಡಗಡ ಓದಿದ. ಇವನಿಗೆ ನಾನೇನು ಕಲಿಸಲಿ ಅಂದುಕೊಂಡೆ. ಆಮೇಲೆ ನೋಡಿದರೆ ಬಾಯಿ ಪುಟದ ಕೊನೆ ಮುಟ್ಟಿತ್ತು, ಬೆರಳು ಇನ್ನೂ ಮೂರನೇ ಸಾಲಿನಲ್ಲೇ ಇತ್ತು. ಪೂರ್ತಿ ಬಾಯಿಪಾಠ!

ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಕೇಳಿದೆ. ಅವನು ಪಾಠದ ಶುರುವಿನಿಂದ ಮೆಲ್ಲಗೆ ಗುನುಗುತ್ತಾ ಬಂದು ಆ ಪದ ಹಿಡಿದ. ಜಾಣನೇ ಬಿಡಿ. ಕಾಗುಣಿತದ್ದೂ ಅದೇ ಕತೆ. 'ಕೊ' ತೋರಿಸಿದರೆ 'ಕ ಕಾ ಕಿ ಕೀ' ಅಂತ ರಾಗ ಎಳೆದುಕೊಂಡೇ ಅಲ್ಲಿಗೆ ಬರಬೇಕು.

ಹಾಗಾಗಿ ಪಾಠಪುಸ್ತಕ ಬದಿಗಿಟ್ಟೆ. ಹಳೇ ರಟ್ಟು ಕತ್ತರಿಸಿ ಅಕ್ಷರ ಬರೆದು, ಇಸ್ಪೀಟಿನ ಹಾಗೆ ಕಲಸಿ ಒಂದೊಂದೇ ತೆಗೆದು ತೋರಿಸಿದೆ. ಆಗ ನಿಜವಾದ ತಪ್ಪುಗಳು ಹೊರಬಂದವು. 'ಹೂವು' ಅವನಿಗೆ 'ಹೂಮ'. ಇದರಲ್ಲಿ ಅವನ ತಪ್ಪು ಕಡಿಮೆಯೇ. ವ ಅಕ್ಷರಕ್ಕೆ ಕೊಂಬನ್ನು ಕೆಳಗಿಳಿಸಿ ಹಾಕುತ್ತೇವೆ, ಪಕ್ಕಕ್ಕೆ ಹಾಕಿದರೆ ಮ ಆಗಿಬಿಡುತ್ತದೆ. ಎರಡನ್ನೂ ದೊಡ್ಡದಾಗಿ ಬರೆದು ಬೆರಳಲ್ಲಿ ತಿದ್ದಿಸಿದ ಮೇಲೆ ಸರಿಹೋಯಿತು.

ಅರ್ಕಾವೊತ್ತು ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. 'ಸೂರ್ಯ'ವನ್ನು 'ಸೂಯ್ರ' ಅಂತಿದ್ದ. ಕಣ್ಣಿಗೆ ಕಂಡ ಸಾಲಿನಲ್ಲೇ ಓದಿದ್ದಾನೆ, ಅಲ್ವಾ? ಬರೆಯುವಾಗ ಆಮೇಲೆ, ಹೇಳುವಾಗ ಮೊದಲು ಅಂತ ವಿವರಿಸಿದೆ. "ಮತ್ಯಾಕಕ್ಕಾ ಮೊದಲೇ ಬರೆಯಲ್ಲ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಗುರುತು ಕಂಡಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಹಿಂದಕ್ಕೊಂದು ಬಾಣ ಎಳೆಯುವ ಉಪಾಯ ಅವನೇ ಹುಡುಕಿದ.

ನಾನು ಮಾಡಿದ ದೊಡ್ಡ ತಪ್ಪು ಎದುರಿಗೆ ಕೂರುತ್ತಿದ್ದದ್ದು. ಅರ್ಧ ಪದ ಓದಿ ನನ್ನ ಮುಖ ನೋಡುತ್ತಿದ್ದ. ಹುಬ್ಬು ಏರಿದರೆ ಬೇರೆ ಪದ, ನಕ್ಕರೆ ಅದೇ ಪದ. ಪುಸ್ತಕಕ್ಕಿಂತ ಜಾಸ್ತಿ ನನ್ನನ್ನೇ ಓದುತ್ತಿದ್ದ! ಪಕ್ಕದಲ್ಲಿ ಕೂರಲು ಶುರು ಮಾಡಿದೆ. ಅವನು ತಡವರಿಸಿದಾಗ ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಆಮೇಲಷ್ಟೇ ಬಾಯಿ ಬಿಡುತ್ತಿದ್ದೆ. ಆ ಐದು ಎಣಿಸುವುದು ಎಷ್ಟು ಕಷ್ಟ ಅಂತ ಕೂತವರಿಗೇ ಗೊತ್ತು.

ಮೂರು ತಿಂಗಳಾದ ಮೇಲೆ ಅವನಮ್ಮ ಬೇಜಾರಿನಲ್ಲೇ ಕೇಳಿದರು, "ಮುಂಚೆ ಎಷ್ಟು ಚೆನ್ನಾಗಿ ಓದ್ತಿದ್ದ, ಈಗ್ಯಾಕೆ ಇಷ್ಟು ನಿಧಾನ?" ಅವನು ಹಿಂದೆಂದೂ ನೋಡಿರದ ಒಂದು ಕತೆ ಪುಸ್ತಕ ತೆಗೆದು ಅವರ ಕೈಗೆ ಕೊಟ್ಟೆ. "ನೀವೇ ಒಂದು ಪುಟ ಆರಿಸಿ. ಅವನ ಬೆರಳು ನೋಡ್ತಾ ಇರಿ" ಅಂದೆ.